ಡ್ರ್ಯಾಗ್ ರೇಸಿಗೆ ಅನುಮತಿ ಕೊಡುವ ಮುನ್ನ ಕಾರಿನೊಳಗೆ ಒಮ್ಮೆ ಇಣುಕಿ ನೋಡಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ವಾಹನ ಸ್ಪರ್ಧೆಗಳಿಗೆ ಅನುಮತಿ ನೀಡುವ ಅಧಿಕಾರವುಳ್ಳ ಎಲ್ಲರಿಗೆ, ಅಂಥ ಸ್ಪರ್ಧೆಗಳನ್ನು ನಡೆಸುವ ಕ್ಲಬ್ಬುಗಳಿಗೆ, ಹಾಗೂ ಕಾರು ಕಟ್ಟಿಕೊಡುವ ನನ್ನಂಥ ಶೆಡ್ಡಿನವರಿಗೆ,

ವಿಷಯ: ಡ್ರ್ಯಾಗ್ ರೇಸ್ ಕಾರುಗಳ ಸುರಕ್ಷಾ ಸಾಧನಗಳ ತಪಾಸಣೆ ಮತ್ತು ಪ್ರಮಾಣೀಕರಣವನ್ನು ಅನುಮತಿಯ ಷರತ್ತನ್ನಾಗಿ ಮಾಡುವ ಬಗ್ಗೆ.

ಮಾನ್ಯರೇ,

ನಾನು ಮಂಡ್ಯದವನು. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಭಾಗದ ಹುಡುಗರಿಗೆ ಇಪ್ಪತ್ತೆಂಟು ವರ್ಷ ವೆಲ್ಡಿಂಗ್ ಮತ್ತು ಫಿಟ್ಟಿಂಗ್ ಕಲಿಸಿ ನಿವೃತ್ತನಾದ ಮೇಲೆ, ಹಳೆಯ ಶಿಷ್ಯನೊಬ್ಬನ ಜೊತೆ ಸೇರಿ ಊರಾಚೆ ಒಂದು ಫ್ಯಾಬ್ರಿಕೇಷನ್ ಶೆಡ್ ನಡೆಸುತ್ತಿದ್ದೇನೆ. ಮನೆಯ ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರ್ ಟ್ರೈಲರು, ಹಂಗಾಮು ಶುರುವಾದರೆ ಆಲೆಮನೆಗಳ ಚಿಲ್ಲರೆ ರಿಪೇರಿ, ನಮ್ಮ ದಿನದ ಕೆಲಸ ಇಷ್ಟೇ. ಇದರ ನಡುವೆ ವರ್ಷಕ್ಕೆ ಐದಾರು ಸಲ ಯಾರಾದರೊಬ್ಬ ಹುಡುಗ, ಒಳಗಿನ ಸೀಟು, ಮ್ಯಾಟು, ಬಾಗಿಲಿನ ಒಳಹೊದಿಕೆಗಳನ್ನೆಲ್ಲ ಕಿತ್ತು ಬೋಳು ಮಾಡಿದ ಕಾರೊಂದನ್ನು ತಂದು ನಿಲ್ಲಿಸಿ, ಡ್ರ್ಯಾಗ್ ರೇಸಿಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ಪಥದಲ್ಲಿ ಗೊತ್ತಾದ ದೂರವನ್ನು ಮೊದಲು ಮುಗಿಸುವ ಓಟಕ್ಕೆ, ರೋಲ್ ಕೇಜ್ ಬೇಕೆಂದು ಕೇಳುತ್ತಾನೆ. ಕಾರು ಮಗುಚಿದರೆ ಚಾಲಕನನ್ನು ಕಾಯಲು ಒಳಗೆ ಕಟ್ಟುವ ಉಕ್ಕಿನ ಪೈಪಿನ ಪಂಜರವೇ ರೋಲ್ ಕೇಜು. ಈ ಪತ್ರ ಬರೆಯಲು ನನಗಿರುವ ಅರ್ಹತೆ ಅಷ್ಟು ಮಾತ್ರ.

ಕಳೆದ ಬೇಸಿಗೆಯಲ್ಲಿ ಹಾಗೆ ಬಂದ ಒಂದು ಕಾರಿನಿಂದಲೇ ಶುರು ಮಾಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಳೆಯ ಹ್ಯಾಚ್‌ಬ್ಯಾಕ್. ಶಕ್ತಿ ಹೆಚ್ಚಲೆಂದು ಎಂಜಿನ್ನಿಗೆ ಟರ್ಬೊ ಕೂರಿಸಿದ್ದರು. "ಸಾರ್, ಕೇಜು ಒಂದ್ಕಡೆ ಬಿರುಕು ಬಿಟ್ಟೈತೆ, ಒಂದು ಟ್ಯಾಕ್ ಹಾಕ್ಕೊಡಿ" ಎಂದ ಹುಡುಗ. ಟ್ಯಾಕ್ ಎಂದರೆ ಚುಕ್ಕೆಯಷ್ಟು ಬೆಸುಗೆ. ಬಿರುಕು ಎಷ್ಟು ಉದ್ದ ಹೋಗಿದೆಯೆಂದು ನೋಡಲು ಕೀಲಿನ ಬಣ್ಣ ಕೆರೆದೆ. ಬಣ್ಣದಡಿ ಲೋಹ ಸಿಗಲಿಲ್ಲ, ಬಾಡಿ ಪುಟ್ಟಿ ಸಿಕ್ಕಿತು. ಡೆಂಟಿಂಗ್ ಅಂಗಡಿಯಲ್ಲಿ ಸೊಟ್ಟಗಾದ ಬಾನೆಟ್ಟಿಗೆ ಬಳಿಯುವ ಪುಟ್ಟಿಯನ್ನು ಇಲ್ಲಿ ವೆಲ್ಡಿಂಗಿನ ಸಂದುಗಳಿಗೆ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಮೇಲೆ ಕೆಂಪು ಬಣ್ಣ ಹೊಡೆದಿದ್ದರು. ಅನುಮಾನ ಬಂದು ಅಲ್ಟ್ರಾಸಾನಿಕ್ ಗೇಜನ್ನು ಪೈಪಿನ ಮೇಲಿಟ್ಟರೆ ಅದು ತೋರಿಸಿದ್ದು 1.6 ಮಿ.ಮೀ., ಅಂದರೆ ನಾವು ಕಾಂಪೌಂಡ್ ಗೇಟಿಗೆ ಹಾಕುವ ಹದಿನಾರು ಗೇಜಿನ ಪೈಪು. ಚಾಲಕನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನಿನ ಕಾಲುಗಳನ್ನು, ಒಂದು ಮಿಲಿಮೀಟರೂ ದಪ್ಪವಿಲ್ಲದ ಕಾರಿನ ನೆಲದ ತಗಡಿಗೆ, ಕೆಳಗೊಂದು ಪ್ಲೇಟು ಸಹ ಇಡದೆ ನೇರವಾಗಿ ಬೆಸೆದಿದ್ದರು. ಸೀಟಿನ ನಾಲ್ಕು ಪಾಯಿಂಟಿನ ಬೆಲ್ಟಿನಲ್ಲಿ ಪ್ರಮಾಣೀಕರಣದ ಚೀಟಿಯೇನೋ ಇತ್ತು. ಆದರೆ ತಯಾರಿಕೆಯ ತಿಂಗಳು-ವರ್ಷ ಇರಬೇಕಾದ ಜಾಗವನ್ನು ಬ್ಲೇಡಿನಿಂದ ಹೆರೆದಿದ್ದರು, ಭುಜದ ಪಟ್ಟಿಯೊಂದನ್ನು ಚಪ್ಪಲಿ ಹೊಲಿಯುವ ದಾರದಿಂದ ಮತ್ತೆ ಹೊಲಿಸಿದ್ದರು.

ಇಷ್ಟೆಲ್ಲ ಇದ್ದ ಕಾರಿನ ಗಾಜಿನ ಮೇಲೆ, ಅದು ಹಿಂದಿನ ತಿಂಗಳಷ್ಟೇ ಓಡಿಬಂದಿದ್ದ ಸ್ಪರ್ಧೆಯೊಂದರ 'ಸ್ಕ್ರೂಟಿನಿ ಓಕೆ' ಎಂಬ ದುಂಡನೆಯ ಹಸಿರು ಸ್ಟಿಕ್ಕರ್ ಅಂಟಿತ್ತು. ಎಲ್ಲಿನ ಸ್ಪರ್ಧೆ, ಯಾರು ನಡೆಸಿದ್ದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಪಾಸಣೆ ಎಷ್ಟು ಹೊತ್ತು ನಡೆಯಿತೆಂದು ಕೇಳಿದೆ. "ಬಾನೆಟ್ ತೆಗ್ಸುದ್ರು, ಹೆಲ್ಮೆಟ್ ಐತಾ ಅಂದ್ರು, ಬ್ಯಾಟರಿ ಅಲ್ಲಾಡ್ಸಿ ನೋಡುದ್ರು" ಎಂದ. ಒಬ್ಬನೇ ಒಬ್ಬ ಕಾರಿನೊಳಕ್ಕೆ ತಲೆ ಹಾಕಿರಲಿಲ್ಲ.

ಹುಡುಗನನ್ನು ಗದರುವ ಅಧಿಕಾರ ನನಗಿರಲಿಲ್ಲ, ಏಕೆಂದರೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನೇ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಸ್ನೇಹಿತನ ತಮ್ಮನೊಬ್ಬನ ಕಾರಿಗೆ, ಮನೆಗೆ ನೀರಿನ ಲೈನು ಎಳೆಯುವ ಬಿ ಕ್ಲಾಸ್ ಜಿಐ ಪೈಪಿನೊಳಗೆ ಮರಳು ತುಂಬಿ, ಕಾಯಿಸಿ, ಬಗ್ಗಿಸಿ ಕೇಜು ಮಾಡಿಕೊಟ್ಟಿದ್ದೆ. ಸತುವಿನ ಲೇಪವಿರುವ ಪೈಪನ್ನು ಬೆಸೆದರೆ ಬೆಸುಗೆಯೊಳಗೆ ಗಾಳಿಗುಳ್ಳೆಗಳು ಉಳಿದು ಅದು ಜೊಳ್ಳಾಗುತ್ತದೆಂದು ಬೆಳಿಗ್ಗೆ ತರಗತಿಯಲ್ಲಿ ಪಾಠ ಹೇಳಿ, ಸಂಜೆ ಅದನ್ನೇ ಮಾಡಿದವನು ನಾನು. ಆ ಹೊಗೆ ಕುಡಿದು ರಾತ್ರಿಯೆಲ್ಲ ಚಳಿಜ್ವರದಲ್ಲಿ ನಡುಗಿದ್ದು ನೆನಪಿದೆ. ಆ ಕಾರು ಮಗುಚಲಿಲ್ಲ ಎಂಬುದು ಅವನ ತಾಯಿಯ ಪುಣ್ಯ, ಅದರಲ್ಲಿ ನನ್ನ ಕೈಗುಣವೇನೂ ಇಲ್ಲ.

ಕೇಜಿನ ವಿಷಯದಲ್ಲಿ ಲೋಕಕ್ಕೆ ತಿಳಿಯದ್ದು ಏನೂ ಉಳಿದಿಲ್ಲ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟವಾದ ಎಫ್‌ಐಎ, ತನ್ನ ಕ್ರೀಡಾ ಸಂಹಿತೆಯ ಅನುಬಂಧ ಜೆ, 253ನೇ ವಿಧಿಯಲ್ಲಿ, ಮುಖ್ಯ ಕಮಾನಿನ ಪೈಪು ತಣ್ಣಗೆ ಎಳೆದ, ಜೋಡಣೆಯ ಗೆರೆಯಿಲ್ಲದ ಇಂಗಾಲದ ಉಕ್ಕಿನದಾಗಿರಬೇಕು, ಅದರ ಅಳತೆ ಕನಿಷ್ಠ 45 ಮಿ.ಮೀ. ಹೊರವ್ಯಾಸಕ್ಕೆ 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸಕ್ಕೆ 2 ಮಿ.ಮೀ. ದಪ್ಪ ಇರಬೇಕು ಎಂದು ಬರೆದಿಟ್ಟಿದೆ. ಕಮಾನಿನ ಕಾಲು ನಿಲ್ಲುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಬಲವರ್ಧನೆ ಪ್ಲೇಟು ಇರಬೇಕೆಂದೂ ಅಲ್ಲಿದೆ. ಆ ಹುಡುಗನ ಕಾರಿನಲ್ಲಿದ್ದ 38 ಮಿ.ಮೀ. ವ್ಯಾಸದ, 1.6 ಮಿ.ಮೀ. ದಪ್ಪದ ಪೈಪನ್ನು ಇದರೊಂದಿಗೆ ಹೋಲಿಸಿ ಲೆಕ್ಕ ಹಾಕಿದರೆ, ಬಾಗುವಿಕೆಯನ್ನು ತಡೆಯುವ ಬಿಗಿ ಅರ್ಧಕ್ಕೂ ಕಡಿಮೆ ಬರುತ್ತದೆ. ಅದೂ ಬೆಸುಗೆ ಸರಿಯಾಗಿದ್ದರೆ. ಪ್ಲೇಟಿಲ್ಲದ ಕಾಲಿಗಂತೂ ಲೆಕ್ಕವೇ ಬೇಡ. ಕಾರು ಮಗುಚಿ ಭಾರ ಬಿದ್ದ ಕ್ಷಣ ಅದು ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ, ಕಾರಿನ ಚಾವಣಿ ತಲೆಯ ಮೇಲೆ ಕೂರುತ್ತದೆ.

ಡ್ರ್ಯಾಗ್ ರೇಸಿನ ತವರು ಅಮೆರಿಕ. ಅಲ್ಲಿ ಈ ಓಟಗಳನ್ನು ನಡೆಸುವ, 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ: ಕಾರಿನೊಳಗೆ ಏನಿರಬೇಕೆಂಬುದನ್ನು ಅಲ್ಲಿ ಕಾರು ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ ಎಂಬುದು ತೀರ್ಮಾನಿಸುತ್ತದೆ. 13.99 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆಯಾದರೆ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಗುರುತಿನ ಹೆಲ್ಮೆಟ್ ಕಡ್ಡಾಯ. 11.49ಕ್ಕೆ ಇಳಿದರೆ ರೋಲ್ ಬಾರ್, ಅಂದರೆ ಚಾಲಕನ ಹಿಂದಿನ ಕಮಾನು ಮತ್ತು ಅದರ ಆಧಾರದ ಪೈಪುಗಳು, ಬೇಕು. 10.99ಕ್ಕೆ ಇಳಿದರೆ ಪೂರ್ಣ ರೋಲ್ ಕೇಜು ಬೇಕು, ಕಾರ್ಖಾನೆಯ ಮೂಲ ಕವಚವನ್ನು ಹಾಗೇ ಉಳಿಸಿಕೊಂಡ ಕಾರುಗಳಿಗೆ ಕೆಲವು ವಿನಾಯಿತಿಗಳಿವೆ. 9.99 ಸೆಕೆಂಡ್ ಮುಟ್ಟಿದರೆ, ಇಲ್ಲವೇ ವೇಗ ಗಂಟೆಗೆ 135 ಮೈಲಿ, ಅಂದರೆ ಸುಮಾರು 217 ಕಿಲೋಮೀಟರ್ ದಾಟಿದರೆ, ಚಾಲಕನಿಗೆ ಪರವಾನಗಿಯೂ ಕಾರಿನ ಚಾಸಿಗೆ ಪ್ರಮಾಣಪತ್ರವೂ ಬೇಕೇ ಬೇಕು. ಪರೀಕ್ಷಕ ಬಂದು ಪ್ರತಿ ಪೈಪಿನ ದಪ್ಪವನ್ನು ಅಳೆದು, ಕೇಜಿಗೆ ಸಂಖ್ಯೆಯುಳ್ಳ ಸ್ಟಿಕ್ಕರ್ ಅಂಟಿಸುತ್ತಾನೆ. ಆ ವರ್ಗದ ಕಾರುಗಳಿಗೆ ಅದರ ಆಯುಷ್ಯ ಮೂರು ವರ್ಷ. 150 ಮೈಲಿಯ ವೇಗ ದಾಟುವ ಕಾರಿಗೆ ಹಿಂದೆ ಪ್ಯಾರಾಚೂಟ್ ಇರಲೇಬೇಕು.

ನಮ್ಮ ಕಡೆ ವರ್ಗಗಳನ್ನು ಸಾಮಾನ್ಯವಾಗಿ ಎಂಜಿನ್ನಿನ ಸಿಸಿ ನೋಡಿ ವಿಂಗಡಿಸುತ್ತೇವೆ. ಬಹುಮಾನ ಹಂಚಲು ಅದು ಸರಿಯಿರಬಹುದು. ಸುರಕ್ಷತೆಗೆ ಅದು ಲವಲೇಶವೂ ಸಾಲದು. 1200 ಸಿಸಿಯ ಟರ್ಬೊ ಕಾರು, ತನಗಿಂತ ದೊಡ್ಡ ಎಂಜಿನ್ನಿನ ಕಂಪನಿ ಫಿಟ್ಟಿಂಗ್ ಕಾರನ್ನು ಹಿಂದಿಕ್ಕಿ ಹೋಗುವುದನ್ನು ಇಂಥ ಸ್ಪರ್ಧೆ ನೋಡಿದ ಎಲ್ಲರೂ ಕಂಡಿದ್ದಾರೆ. ಆದರೂ ಸಣ್ಣ ಎಂಜಿನ್ ಎಂಬ ಒಂದೇ ಕಾರಣಕ್ಕೆ ಅದರ ಚಾಲಕನಿಂದ ಕಡಿಮೆ ಸಾಧನ ಕೇಳುತ್ತೇವೆ. ಕಾರು ಮೊದಲ ಓಟದಲ್ಲಿ ತೆಗೆದ ಸಮಯವು ಅದರೊಳಗಿನ ಸಾಧನಕ್ಕೆ ಒಪ್ಪುವ ಮಿತಿಗಿಂತ ಚುರುಕಾಗಿದ್ದರೆ ಎರಡನೇ ಓಟಕ್ಕೆ ಅದನ್ನು ಗೆರೆಯ ಹತ್ತಿರ ಬಿಡಕೂಡದು. ನಾನು ಕೇಳುತ್ತಿರುವ ಎಲ್ಲದರಲ್ಲಿ ಇದೊಂದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಸಮಯ ಅಳೆಯುವ ಯಂತ್ರ ಮೈದಾನದಲ್ಲಿ ಆಗಲೇ ಇರುತ್ತದೆ.

ಈ ನಿಯಮಗಳನ್ನು ಯಾರೋ ಕಚೇರಿಯಲ್ಲಿ ಕುಳಿತು ಹೊಸೆದದ್ದಲ್ಲ ಎಂಬುದನ್ನು ಹುಡುಗರಿಗೆ ಒಮ್ಮೆ ಹೇಳಬೇಕು. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಸ್ಟ್ರಿಪ್ಪಿನಲ್ಲಿ, ಆ ಕಾಲದ ದೊಡ್ಡ ಹೆಸರಾದ ಡಾನ್ ಗಾರ್ಲಿಟ್ಸ್ ಅವರ ಕಾರಿನ ಗೇರ್‌ಬಾಕ್ಸ್ ಹೊರಡುವ ಗೆರೆಯಲ್ಲೇ ಸಿಡಿದು, ಅವರ ಬಲ ಪಾದದ ಒಂದು ಭಾಗವನ್ನೇ ಕೊಂಡೊಯ್ದಿತು. ಅಲ್ಲಿಯವರೆಗೆ ಆ ಬಗೆಯ ಕಾರುಗಳಲ್ಲಿ ಚಾಲಕ ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸನ್ನು ಕಾಲುಗಳ ನಡುವೆ ಇಟ್ಟುಕೊಂಡಂತೆ ಕೂರುತ್ತಿದ್ದ. ಗಾರ್ಲಿಟ್ಸ್ ಆಸ್ಪತ್ರೆಯಿಂದ ಎದ್ದು ಬಂದು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಹಾಕಿ 1971ರಲ್ಲಿ ಗೆದ್ದರು. ಉಳಿದವರೂ ಅದನ್ನೇ ಹಿಂಬಾಲಿಸಿದರು. 2008ರ ಜೂನಿನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಓಟದ ಪಥದ ಕೊನೆ ದಾಟಿ ಹೋಗಿ ಸತ್ತ ಮೇಲೆ, ಅತಿ ವೇಗದ ಎರಡು ವರ್ಗಗಳ ಓಟವನ್ನು ಕಾಲು ಮೈಲಿಯಿಂದ 1000 ಅಡಿಗೆ ಇಳಿಸಿದರು. ಸಾವಾದ ಮೇಲೆ ತಡೆ ಕಟ್ಟುವ ಪಾಠ ನಮ್ಮ ಜಿಲ್ಲೆಗೂ ಹೊಸದಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ಸು ಉರುಳಿ ಮೂವತ್ತು ಜನ ಹೋದರು. ನಾಲೆಯ ತಡೆಗೋಡೆಯ ಮಾತು ಆಮೇಲೆ ಎಲ್ಲರ ಬಾಯಲ್ಲೂ ಬಂತು.

ಇನ್ನು ಪ್ರಮಾಣೀಕರಣದ ಚೀಟಿಗಳ ವಿಷಯ. ಈ ಕ್ರೀಡೆಯ ಸಾಧನಗಳ ಮೇಲೆ ಮುಖ್ಯವಾಗಿ ಕಾಣುವ ಗುರುತುಗಳು ಮೂರು: ಎಫ್‌ಐಎ, ಎಸ್‌ಎಫ್‌ಐ ಮತ್ತು ಸ್ನೆಲ್. ಅಮೆರಿಕದ ಎಸ್‌ಎಫ್‌ಐ ಪ್ರತಿಷ್ಠಾನ 1978ರಿಂದ, ಬೆಲ್ಟಿಗೆ 16.1, ಫ್ಲೈವೀಲ್ ಮತ್ತು ಕ್ಲಚ್ಚಿಗೆ 1.1, ಕೇಜಿನ ಮೇಲಿನ ಮೆತ್ತೆಗೆ 45.1 ಎಂಬಂತೆ ಒಂದೊಂದು ವಸ್ತುವಿಗೂ ಒಂದೊಂದು ಸಂಖ್ಯೆಯ ಮಾನಕ ಬರೆಯುತ್ತ ಬಂದಿದೆ. ಇಲ್ಲೊಂದು ಸೂಕ್ಷ್ಮವಿದೆ. ಎಸ್‌ಎಫ್‌ಐ ಚೀಟಿ ಎಂದರೆ ವಸ್ತು ಆ ಮಾನಕಕ್ಕೆ ಒಪ್ಪುತ್ತದೆಂದು ತಯಾರಕನೇ, ಪರೀಕ್ಷಾ ಫಲಿತಾಂಶ ಸಲ್ಲಿಸಿ, ಕೊಟ್ಟ ಮಾತು. ಹಾಗಾಗಿ ಚೀಟಿಯಷ್ಟೇ ತಯಾರಕನ ಹೆಸರೂ ಮುಖ್ಯ. ಚೀಟಿ ಮಾತ್ರ ಇದ್ದು ತಯಾರಕನ ಹೆಸರು ಎಫ್‌ಐಎ ಅಥವಾ ಎಸ್‌ಎಫ್‌ಐ ಪ್ರಕಟಿಸುವ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದು ಬರೀ ಬಟ್ಟೆಯ ಚೂರು. ಆ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ನೋಡಲು ಎರಡು ನಿಮಿಷ ಸಾಕು. ನಮ್ಮ ಮನೆಯ ಹೆಂಗಸರು ಕೆಎಸ್‌ಐಸಿ ಮಳಿಗೆಯಲ್ಲಿ ಮೈಸೂರು ಸಿಲ್ಕ್ ಸೀರೆ ಕೊಳ್ಳುವಾಗ ಅಂಚು ತಿರುಗಿಸಿ ಸಂಕೇತ ಸಂಖ್ಯೆ ನೋಡುತ್ತಾರೆ, ಹೊಲೊಗ್ರಾಮ್ ನೋಡುತ್ತಾರೆ. ಪ್ರಾಣ ಹಿಡಿದಿಡುವ ಬೆಲ್ಟನ್ನು ತಿರುಗಿಸಿ ನೋಡಿದ ಒಬ್ಬ ಗಂಡುಮಗನನ್ನು ನಾನು ಇನ್ನೂ ಕಾಣಬೇಕಾಗಿದೆ.

ದಿನಾಂಕ ಏಕೆ ಮುಖ್ಯವೆಂದರೆ, ಬೆಲ್ಟಿನ ನೂಲು ಬಿಸಿಲಿಗೆ ಸವೆಯುತ್ತದೆ. ಎಸ್‌ಎಫ್‌ಐ 16.1 ಬೆಲ್ಟಿಗೆ ತಯಾರಿಕೆಯ ದಿನಾಂಕದಿಂದ ಎರಡು ವರ್ಷವಷ್ಟೇ ಆಯುಷ್ಯ. ಆಮೇಲೆ ತಯಾರಕನಿಗೆ ಕಳಿಸಿ ಹೊಸ ಪಟ್ಟಿ ಹಾಕಿಸಬೇಕು. ಕತ್ತು ಹಿಡಿಯುವ 38.1 ಮಾನಕದ ಸಾಧನಕ್ಕೆ ಐದು ವರ್ಷಕ್ಕೊಮ್ಮೆ ಮರುಪರೀಕ್ಷೆ. ಎರಡು ವರ್ಷ ಎಂಬುದು ತಯಾರಕರ ವ್ಯಾಪಾರದ ತಂತ್ರ ಎಂದು ಹುಡುಗರು ನಗುತ್ತಾರೆ. ಅದರಲ್ಲಿ ಒಂದಿಷ್ಟು ನಿಜವೂ ಇರಬಹುದು ಎಂದು ನನಗೂ ಅನ್ನಿಸಿದ್ದುಂಟು. ಆದರೆ ಹೊರಗೆ ಬಿಸಿಲಲ್ಲಿ ನಿಂತ ಕಾರಿನ ಬೆಲ್ಟಿನ ಪಟ್ಟಿ ಮೇಲ್ಗಡೆ ಬಿಳಿಚಿಕೊಂಡು, ಮಡಚಿದರೆ ಹಪ್ಪಳದಂತೆ ಗರಗರ ಎನ್ನುವುದನ್ನು ಬೆರಳಲ್ಲಿ ಮುಟ್ಟಿ ನೋಡಿದವನು ಆ ನಗೆಯಲ್ಲಿ ಪಾಲ್ಗೊಳ್ಳಲಾರ.

ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಐಎಸ್‌ಐ ಗುರುತಿನ ಹೆಲ್ಮೆಟ್ ದ್ವಿಚಕ್ರ ಸವಾರನಿಗಾಗಿ ಬರೆದ ಮಾನಕದ್ದು. ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನದು ಕಾರು ಸ್ಪರ್ಧೆಗೇ ಮೀಸಲು: ಒಳಗಿನ ಅಸ್ತರಿ ಬೆಂಕಿ ತಡೆಯಬೇಕು, ತಲೆ ಕೇಜಿನ ಪೈಪಿಗೆ ಮತ್ತೆ ಮತ್ತೆ ಬಡಿದರೂ ತಾಳಬೇಕು. ಈ ಎರಡನೆಯ ಅಂಶವನ್ನು ಕೇಜು ಕಟ್ಟಿಸುವವರು ಮರೆಯುತ್ತಾರೆ. ಮೆತ್ತೆಯಿಲ್ಲದ ಉಕ್ಕಿನ ಕೇಜುಳ್ಳ ಕಾರನ್ನು ಭಾನುವಾರ ಸ್ಪರ್ಧೆಯಲ್ಲಿ ಓಡಿಸಿ, ಸೋಮವಾರ ಹೆಲ್ಮೆಟ್ ತೆಗೆದಿಟ್ಟು ಮಂಡ್ಯದಿಂದ ಮೈಸೂರಿಗೆ ಹೆದ್ದಾರಿಯಲ್ಲಿ ಓಡಿಸುವ ಹುಡುಗನಿಗೆ, ಸಣ್ಣ ಡಿಕ್ಕಿಯಲ್ಲೂ ಆ ಕೇಜೇ ಸುತ್ತಿಗೆಯಾಗುತ್ತದೆ. ಮಾರ್ಪಡಿಸಿದ ಕಾರನ್ನು ರಸ್ತೆಯಲ್ಲಿ ಓಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆಂಬುದು ಬೇರೆ ಮಾತು. ರೇಸ್ ಕಾರು ಮೈದಾನಕ್ಕೆ ಟ್ರೈಲರಿನ ಮೇಲೆ ಬರಬೇಕು, ಟ್ರೈಲರಿನ ಮೇಲೇ ಹಿಂತಿರುಗಬೇಕು.

ಬೆಂಕಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಚಾಲಕನ ಉಡುಪಿಗೆ ಎಸ್‌ಎಫ್‌ಐ 3.2ಎ ಎಂಬ ಮಾನಕವಿದೆ, ಅದರ ಮುಂದೆ ಓರೆಗೆರೆ ಹಾಕಿ ಒಂದು ಅಂಕಿ ಬರೆದಿರುತ್ತಾರೆ. ಉರಿಯ ನಡುವೆ ಸಿಕ್ಕಿದವನ ಮೈಗೆ ಎರಡನೇ ದರ್ಜೆಯ ಸುಟ್ಟಗಾಯ ಆಗುವವರೆಗೆ ಸಿಗುವ ಕಾಲವನ್ನು ಆ ಅಂಕಿ ಸೂಚಿಸುತ್ತದೆ. ಒಂದು ಎಂದಿದ್ದರೆ 3 ಸೆಕೆಂಡ್, ಐದು ಎಂದಿದ್ದರೆ 10 ಸೆಕೆಂಡ್, ಇಪ್ಪತ್ತು ಎಂದಿದ್ದರೆ 40 ಸೆಕೆಂಡ್. ಒಂದು ಸಂಜೆ ನಮ್ಮ ಶೆಡ್ಡಿನಲ್ಲಿ ನಿಂತಿದ್ದ ಕಾರಿನಲ್ಲಿ ಆ ಹುಡುಗನನ್ನೇ ಕೂರಿಸಿ, ಬೆಲ್ಟು ಬಿಗಿದು, ಹೆಲ್ಮೆಟ್ ಹಾಕಿಸಿ, "ಬೆಂಕಿ ಬಿತ್ತು, ಇಳಿ" ಎಂದು ಗಡಿಯಾರ ಒತ್ತಿದೆ. ಬಕಲ್ ಹುಡುಕಲು, ಸ್ಟೀರಿಂಗಿಗೆ ಸಿಕ್ಕ ಮಂಡಿ ಬಿಡಿಸಿಕೊಳ್ಳಲು, ಬಾಗಿಲಿನ ಅಡ್ಡ ಪೈಪು ದಾಟಲು ಅವನಿಗೆ ಹಿಡಿದದ್ದು ಹದಿನಾಲ್ಕು ಸೆಕೆಂಡ್. ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ಭಯವೂ ಇರಲಿಲ್ಲ. ಸ್ನೇಹಿತರು ಸುತ್ತ ನಿಂತು ನಗುತ್ತಿದ್ದರು. ಅವನು ಸ್ಪರ್ಧೆಯಲ್ಲಿ ತೊಟ್ಟದ್ದು ಪಾಲಿಯೆಸ್ಟರ್ ಟೀ ಶರ್ಟು. ಅದು ಉರಿಯುವುದಕ್ಕೆ ಮೊದಲು ಕರಗಿ ಚರ್ಮಕ್ಕೆ ಅಂಟುತ್ತದೆ. ಇನ್ನು ಮೆಥನಾಲ್ ಹಾಕುವ ಕಾರಾದರೆ, ಅದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹೊರಗೆ ನಿಂತವರಿಗೆ ಕಾಣುವುದು ಒಳಗಿನವನು ಕೈ ಬಡಿಯುವುದೊಂದೇ. ಹಾಗಾಗಿ ಕಾರಿನೊಳಗೆ ಕೈಗೆಟಕುವಲ್ಲಿ ನಂದಿಸುವ ಸಿಲಿಂಡರ್ ಇರಬೇಕು, ಅದರ ತುಂಬಿಸಿದ ದಿನಾಂಕಕ್ಕೆ ಎರಡು ವರ್ಷ ದಾಟಿರಬಾರದು. ಕಾರಿನ ಇಡೀ ವಿದ್ಯುತ್ತನ್ನು ಹೊರಗಿನಿಂದಲೂ ಕಡಿಯುವ ಸ್ವಿಚ್ಚು ಇರಬೇಕು, ಅದು ಎಲ್ಲಿದೆಯೆಂದು ತೋರಿಸುವ ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚಿನ ಗುರುತು ಮೈದಾನದ ಅಗ್ನಿಶಾಮಕ ಸಿಬ್ಬಂದಿಗೆ ಪರಿಚಯವಿರಬೇಕು.

ಮೈದಾನದ ಉದ್ದವೂ ಸುರಕ್ಷಾ ಸಾಧನವೇ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಗೆರೆ ದಾಟುವ ಕಾರು ಒಂದು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು ಸಾಗುತ್ತಿರುತ್ತದೆ. ಒಣ ಡಾಂಬರು, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಎಲ್ಲವೂ ಇದ್ದರೂ ಅದು ನಿಲ್ಲಲು ಸುಮಾರು 200 ಮೀಟರ್ ಬೇಕು. ಬ್ರೇಕು ಕಾದು ಅರ್ಧಂಬರ್ಧ ಹಿಡಿದರೆ 300 ಮೀಟರ್ ದಾಟುತ್ತದೆ. ಚಾಲಕ ಒಂದು ಕ್ಷಣ ತಡ ಮಾಡಿದರೆ ಇನ್ನೂ 55 ಮೀಟರ್ ಸೇರುತ್ತದೆ. 402 ಮೀಟರಿನ ಓಟಕ್ಕೆ 600 ಮೀಟರಿನ ಜಾಗ ತೋರಿಸಿ, ಕೊನೆಯಲ್ಲಿ ನಾಲ್ಕು ಸಾಲು ಮರಳು ಮೂಟೆ ಇಟ್ಟು ಅನುಮತಿ ಕೇಳುವವರಿಗೆ, ಓಟವನ್ನು ಅರ್ಧಕ್ಕೆ, ಅಂದರೆ 201 ಮೀಟರಿಗೆ ಇಳಿಸಲು ಹೇಳಿ. ವೇಗ ತಾನಾಗಿ ಇಳಿಯುತ್ತದೆ, ನಿಲ್ಲಲು ಜಾಗವೂ ಉಳಿಯುತ್ತದೆ. ನೋಡುವ ಜನರನ್ನು ಎಲ್ಲಿ ನಿಲ್ಲಿಸಬೇಕೆಂಬುದು ನಮ್ಮ ಊರಿನ ಎತ್ತಿನ ಗಾಡಿ ಓಟ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗ್ಗ ಕಟ್ಟಿದಷ್ಟೂ ಅದರಡಿ ನುಸುಳಿ ಬರುವುದು ನಮ್ಮ ಜನರ ಜಾಯಮಾನ. ತಡೆಗೆ ಹಗ್ಗ ಸಾಲದು.

ಈಗ ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ವೇಗದ ಸ್ಪರ್ಧೆ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೊಡುವವರು ಕಾರಿನೊಳಗೆ ಏನು ನೋಡಬೇಕೆಂದು ಆ ಕಲಮು ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದು ಷರತ್ತು ಬರೆಯುವವರ ಕೈಯಲ್ಲಿದೆ. ನಾನು ಕಣ್ಣಾರೆ ಕಂಡ ಒಂದು ಅನುಮತಿ ಪತ್ರದಲ್ಲಿ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು, ಕುಡಿಯುವ ನೀರಿರಬೇಕು, ಆಂಬುಲೆನ್ಸ್ ಇರಬೇಕು, ಕಸ ತೆಗೆಯಬೇಕು ಎಂದೆಲ್ಲ ಇತ್ತು. ಎಲ್ಲವೂ ನ್ಯಾಯವೇ. ಆದರೆ ಆ ಪತ್ರವನ್ನು ಒಂದಕ್ಷರ ಬದಲಿಸದೆ ಒಂದು ಆರ್ಕೆಸ್ಟ್ರಾ ಕಾರ್ಯಕ್ರಮಕ್ಕೂ ಕೊಡಬಹುದಿತ್ತು.

ಭಾರತದಲ್ಲಿ ಮೋಟಾರು ಕ್ರೀಡೆಗೆ ಎಫ್‌ಐಎ ಮಾನ್ಯತೆ ಪಡೆದ ಒಕ್ಕೂಟ ಎಫ್‌ಎಂಎಸ್‌ಸಿಐ. ಅದರ ಪರ್ಮಿಟ್ಟಿನಡಿ ನಡೆಯುವ ಸ್ಪರ್ಧೆಗಳಿಗೆ ನಿಯಮಾವಳಿ, ಚಾಲಕರಿಗೆ ಲೈಸೆನ್ಸು, ತಪಾಸಕರು, ಸ್ಟೀವರ್ಡುಗಳು ಇರುತ್ತಾರೆ. ನನ್ನ ಆತಂಕ ಅದರ ನೆರಳಿಗೂ ಬಾರದೆ ಬ್ಯಾನರು ಕಟ್ಟಿ, ಪ್ರವೇಶ ಶುಲ್ಕ ವಸೂಲು ಮಾಡಿ ನಡೆಯುವ ಸ್ಪರ್ಧೆಗಳದ್ದು. ಒಕ್ಕೂಟದ ಪರ್ಮಿಟ್ಟಿನ ಪ್ರತಿ ಲಗತ್ತಿಸದ ಅರ್ಜಿಯನ್ನು ಸ್ವೀಕರಿಸಲೇಬೇಡಿ ಎಂಬುದು ನನ್ನ ಮೊದಲ ಕೋರಿಕೆ. ಅದರ ಜೊತೆಗೆ, ತಪಾಸಣೆ ಸ್ಪರ್ಧೆಯ ಹಿಂದಿನ ದಿನವೇ ನಡೆಯಲಿ, ಅದನ್ನು ಮಾಡುವವರು ಪ್ರವೇಶ ಶುಲ್ಕ ಎಣಿಸುವವರ ಮನುಷ್ಯರಾಗಿರದಿರಲಿ. ಐವತ್ತು ಕಾರು ತಿರಸ್ಕರಿಸಿದರೆ ಐವತ್ತು ಶುಲ್ಕ ಹಿಂತಿರುಗಿಸಬೇಕಾದವನಿಗೆ ಪೈಪಿನ ದಪ್ಪ ಕಾಣುವುದು ಕಷ್ಟ. ಟಿಕ್ ಹಾಕುವ ನಮೂನೆಯ ಬದಲು, ಬೆಲ್ಟಿನ ಚೀಟಿಯ ಸಂಖ್ಯೆ ಮತ್ತು ದಿನಾಂಕ, ಹೆಲ್ಮೆಟ್ಟಿನ ಗುರುತು, ಉಡುಪಿನ ದರ್ಜೆ, ಕೇಜಿನ ನಾಲ್ಕು ಕಡೆಯ ದಪ್ಪದ ಅಳತೆ, ಇವನ್ನು ಅಂಕಿಯಲ್ಲಿ ಬರೆದು, ಚೀಟಿಯ ಫೋಟೊ ಲಗತ್ತಿಸಿ, ಬರೆದವನು ಹೆಸರು ಹಾಕಿ ಸಹಿ ಮಾಡಬೇಕು. ಟಿಕ್ ಹಾಕುವ ಕೈ ಸುಲಭವಾಗಿ ಜಾರುತ್ತದೆ, 1.6 ಎಂದು ಕಂಡದ್ದನ್ನು 2.5 ಎಂದು ಬರೆಯಲು ಸ್ವಲ್ಪ ಧೈರ್ಯ ಬೇಕು.

ಅಳೆಯಲು ಇಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ಐಡಿಯಲ್ ಜಾವಾದ ಮೋಟಾರ್ ಸೈಕಲುಗಳನ್ನು 1961ರಿಂದ 1996ರವರೆಗೆ ತಯಾರಿಸಿದ ಊರು ಮೈಸೂರು. ಎಂಜಿನಿಯರಿಂಗ್ ಕಾಲೇಜುಗಳ ಪೈಕಿ ಮೈಸೂರಿನ ಎನ್‌ಐಇ ಶುರುವಾದದ್ದು 1946ರಲ್ಲಿ, ಮಂಡ್ಯದ ಪಿಇಎಸ್ 1962ರಲ್ಲಿ, ಮೈಸೂರಿನದೇ ಎಸ್‌ಜೆಸಿಇ 1963ರಲ್ಲಿ. ಎಂಜಿನಿಯರಿಂಗ್ ಹುಡುಗರು ಬಾಹಾ ಸ್ಪರ್ಧೆಗೆ ಕಟ್ಟುವ ಪುಟ್ಟ ವಾಹನದ ಕೇಜಿಗೂ ಪೈಪಿನ ಇಂಗಾಲದ ಅಂಶ ಕನಿಷ್ಠ 0.18 ಶೇಕಡಾ ಇದೆಯೆಂದು ಪ್ರಯೋಗಾಲಯದ ಪತ್ರ ತೋರಿಸಬೇಕಾಗುತ್ತದೆ. ನಿಧಾನವಾಗಿ ಗುಂಡಿ ಹತ್ತಿಳಿಯುವ ಗಾಡಿಗೆ ಅಷ್ಟು ಕೇಳುವಾಗ, 200 ಕಿಲೋಮೀಟರಿನಲ್ಲಿ ಹೋಗುವ ಕಾರಿಗೆ ಏನನ್ನೂ ಕೇಳದಿರುವುದು ಯಾವ ನ್ಯಾಯ? ಎರಡು ಜಿಲ್ಲೆಗಳಲ್ಲಿ ಒಂದೊಂದು ಕಾಲೇಜಿನ ಪ್ರಯೋಗಾಲಯವನ್ನು ಗುರುತಿಸಿ, ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪವನ್ನೂ, ಬಣ್ಣದ ದ್ರವ ಇಳಿಸಿ ನೋಡುವ ವಿಧಾನದಿಂದ ಬೆಸುಗೆಯ ಬಿರುಕನ್ನೂ ಪರೀಕ್ಷಿಸಿ, ಕೇಜಿಗೆ ಸಂಖ್ಯೆ ಕೆತ್ತಿ, ಒಂದು ಪುಸ್ತಕದಲ್ಲಿ ದಾಖಲಿಸುವ ವ್ಯವಸ್ಥೆ ಮಾಡುವುದು ಆಗದ ಕೆಲಸವಲ್ಲ. ದಸರಾಕ್ಕೆ ಮುನ್ನ ಆನೆಗಳನ್ನು ತೂಗುತ್ತೇವೆ, 750 ಕಿಲೋ ಅಂಬಾರಿ ಹೊರುವವನ ಬೆನ್ನ ಮೇಲೆ ವಾರಗಟ್ಟಲೆ ಮರಳು ಮೂಟೆ ಕಟ್ಟಿ ನಡೆಸುತ್ತೇವೆ, ಫಿರಂಗಿಯ ಸದ್ದಿಗೆ ಒಗ್ಗಿಸುತ್ತೇವೆ. ಒಂದು ದಿನದ ಮೆರವಣಿಗೆಗೆ ಇಷ್ಟು ಜತನ ಗೊತ್ತಿರುವ ಊರಿಗೆ ತಪಾಸಣೆ ಎಂದರೇನೆಂದು ಹೊರಗಿನವರು ಬಂದು ಕಲಿಸಬೇಕಿಲ್ಲ.

ನನ್ನ ಶಿಷ್ಯನೇ ನನಗೆ ಹಾಕಿದ ಆಕ್ಷೇಪವೊಂದಿದೆ. ಸಾಧನಗಳೆಲ್ಲ ಹೊರದೇಶದವು, ದುಬಾರಿ. ಹೀಗೆ ನಿಯಮ ಬಿಗಿ ಮಾಡಿದರೆ ಹುಡುಗರು ಮೈದಾನ ಬಿಟ್ಟು ರಾತ್ರಿ ಹನ್ನೆರಡಕ್ಕೆ ರಿಂಗ್ ರಸ್ತೆಗೆ ಹೋಗುತ್ತಾರೆ, ಇಲ್ಲವೇ ಬೆಂಗಳೂರು-ಮೈಸೂರು ಹೆದ್ದಾರಿಗೆ ಹೋಗುತ್ತಾರೆ, ಅಲ್ಲಿ ಕೇಜೂ ಇಲ್ಲ, ಆಂಬುಲೆನ್ಸೂ ಇಲ್ಲ, ಎದುರಿಗೆ ಬರುವವನು ಯಾರದೋ ಮನೆಯ ಯಜಮಾನ. ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಅದಕ್ಕಾಗಿಯೇ ಓಟದ ಸಮಯಕ್ಕೆ ತಕ್ಕಂತೆ ಸಾಧನ ಕೇಳುವ ಮೆಟ್ಟಿಲಿನ ನಿಯಮ ಬೇಕು ಎನ್ನುತ್ತಿದ್ದೇನೆ. ಕಂಪನಿಯಿಂದ ಬಂದಂತೆಯೇ ಇರುವ ಕಾರನ್ನು 201 ಮೀಟರ್ ಓಡಿಸಲು ಬಯಸುವವನಿಗೆ ಕಂಪನಿಯ ಬೆಲ್ಟು, ಒಳ್ಳೆಯ ಹೆಲ್ಮೆಟ್ಟು, ಮೈತುಂಬ ಹತ್ತಿಯ ಬಟ್ಟೆ, ಕಾರಿನಲ್ಲೊಂದು ನಂದಿಸುವ ಸಿಲಿಂಡರ್ ಸಾಕೆನ್ನಿ. ಅವನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಬೇಡಿ. ಟರ್ಬೊಕ್ಕೆ ಲಕ್ಷಗಟ್ಟಲೆ ಸುರಿದವನಿಂದ ಮಾತ್ರ ಬೆಲ್ಟು, ಕೇಜು, ಉಡುಪಿನ ಲೆಕ್ಕ ಪೂರ್ತಿ ಕೇಳಿ. ಎಂಜಿನ್ನಿಗೆ ಇದ್ದ ದುಡ್ಡು ಕತ್ತಿಗೆ ಇಲ್ಲವಾಗುವುದಿಲ್ಲ. ಎಸ್‌ಎ ಹೆಲ್ಮೆಟ್ಟು ಮತ್ತು ಉಡುಪುಗಳನ್ನು ಕ್ಲಬ್ಬುಗಳೇ ಒಂದಿಷ್ಟು ಕೊಂಡು, ದಿನಾಂಕದ ಮೇಲೆ ಕಣ್ಣಿಟ್ಟು, ಸ್ಪರ್ಧೆಯ ದಿನ ಬಾಡಿಗೆಗೆ ಕೊಡುವುದೂ ಆಗುತ್ತದೆ. ಬೆಲ್ಟನ್ನು ಮಾತ್ರ ಬಾಡಿಗೆಗೆ ಕೊಡಬೇಡಿ. ಅದು ಒಂದೇ ಕಾರಿಗೆ ಒಂದೇ ಅಳತೆಯಲ್ಲಿ ಕೂರುವ ವಸ್ತು, ಒಮ್ಮೆ ಅಪಘಾತದ ಎಳೆತ ತಿಂದ ಮೇಲೆ ಕಸಕ್ಕೆ ಹೋಗಬೇಕಾದದ್ದು.

ಶೆಡ್ಡಿನ ನನ್ನ ಸಹೋದ್ಯೋಗಿಗಳಿಗೆ ಎರಡು ಮಾತು. ಪೈಪು ಯಾವುದಾದರೇನು, ಹುಡುಗ ದುಡ್ಡು ಕೊಡುತ್ತಾನಲ್ಲ ಎನ್ನಬೇಡಿ. ಪೈಪು ಕೊಂಡ ಬಿಲ್ಲು ಮತ್ತು ಪೈಪು ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿ, ಕೇಜಿನ ಮೇಲೆ ನಿಮ್ಮ ಶೆಡ್ಡಿನ ಗುರುತು ಪಂಚ್ ಮಾಡಿ. ಹೆಸರು ಹೊಡೆಯಲು ಕೈ ಹಿಂಜರಿಯುವ ಕೆಲಸ ಬಂದರೆ ಗೇಟು ಮಾಡಿಕೊಂಡಿರೋಣ.

ಆ ಹುಡುಗನ ಕೇಜಿಗೆ ನಾನು ಟ್ಯಾಕ್ ಹಾಕಲಿಲ್ಲ. ನಾಲ್ಕು ದಿನ ಮುನಿಸಿಕೊಂಡು ಓಡಾಡಿ, ಐದನೆಯ ದಿನ ಬಂದು "ಕೊಯ್ದುಬಿಡಿ ಸಾರ್" ಎಂದ. ಕೊಯ್ದ ಪೈಪು ಈಗ ನಮ್ಮ ಶೆಡ್ಡಿನ ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರವಾಗಿದೆ. ಹೊಸ ಕೇಜಿಗೆ ಸೀಮ್‌ಲೆಸ್ ಪೈಪು ತರಿಸಿದ್ದೇನೆ. ಕಮಾನು ಬಗ್ಗಿಸಿಯಾಗಿದೆ, ಪ್ಲೇಟು ಕೂರಿಸುವುದು ಬಾಕಿ ಇದೆ.

ಅಧಿಕಾರಿಗಳು ತಪಾಸಣೆಯ ನಮೂನೆಯೊಂದನ್ನು ರೂಪಿಸಲು ಮುಂದಾದರೆ, ನಾನು ಬರೆದಿಟ್ಟುಕೊಂಡಿರುವ ಕರಡನ್ನು ತಂದು ಒಪ್ಪಿಸುತ್ತೇನೆ. ಅದು ಸಿದ್ಧವಾಗುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನಮ್ಮ ಶೆಡ್ಡಿನಲ್ಲಿ ಯಾವ ಕಾರಿನ ಕೇಜನ್ನಾದರೂ ಹಣ ತೆಗೆದುಕೊಳ್ಳದೆ ಅಳೆದು ಬರೆದುಕೊಡುತ್ತೇನೆ. ಬರುವವರು ಬಣ್ಣ ಕೆರೆಯಲು ಒಪ್ಪಿಕೊಂಡೇ ಬರಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಬೋಧಕ,
ಮಂಡ್ಯ